ಬಾಯಿ ತಿಪ್ಪೇಶಿದು, ಮಾತು ಬೋರಣ್ಣಂದು

ಹೊಳಲ್ಕೆರೆಯಲ್ಲಿ ಸಂಜೆ ಏಳಕ್ಕೆ ಕೇಬಲ್ಲಿನ ಊರ ಚಾನೆಲ್ಲಿನಲ್ಲಿ ಬೋರಣ್ಣನ ದನಿ ಕೇಳಿಸಿತೆಂದರೆ ಜನ ಎದ್ದು ಚಾನೆಲ್ ಬದಲಿಸುತ್ತಿದ್ದರು. ಚಿತ್ರ ಬಿಡಲು ಮನಸ್ಸಿಲ್ಲದವರು ಸೌಂಡು ಪೂರ್ತಿ ಇಳಿಸಿ ಬರೀ ಚಿತ್ರ ನೋಡುತ್ತಿದ್ದರು. ಸೌಂಡು ಏರಿಸುತ್ತಿದ್ದ ಮನೆ ಊರಿಗೆಲ್ಲ ಒಂದೇ. ಅದು ಬೋರಣ್ಣನದೇ ಮನೆ. ಏರಿಸುತ್ತಿದ್ದವಳು ಅವನ ಹೆಂಡತಿ ವೀರಮ್ಮ.

ಗಂಡನ ಮೇಲಿನ ಅಭಿಮಾನ ಇರಬೇಕು ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಆ ಗಂಡಹೆಂಡಿರು ಮಾತು ಬಿಟ್ಟು ಅಷ್ಟು ಹೊತ್ತಿಗೆ ಐದು ವರ್ಷ ದಾಟಿತ್ತು. ಒಂದೇ ಸೂರಿನ ಕೆಳಗಿದ್ದೂ ಬೋರಣ್ಣನ ದನಿ ವೀರಮ್ಮನ ಪಾಲಿಗೆ ನೆಟ್ಟಗೆ ಸಿಗುತ್ತಿದ್ದದ್ದು ಟೀವಿಯೊಳಗಿಂದ ಮಾತ್ರ.

ಆ ಕಡೆ ಮಾತು ಬಿಡುವುದೆಂದರೆ ಮನೆ ಬಿಡುವುದಲ್ಲ. ಒಲೆ ಉರಿಯುತ್ತದೆ, ಬಟ್ಟೆ ಒಗೆದಾಗುತ್ತದೆ, ಹಬ್ಬಕ್ಕೆ ಹೋಳಿಗೆಯೂ ಆಗುತ್ತದೆ. ಆಡುವ ಮಾತು ಮಾತ್ರ ಇನ್ನೊಬ್ಬರ ಮೇಲಿಂದ ಹಾಯ್ದು ಹೋಗಬೇಕು. ಬೋರಣ್ಣನ ಮನೆಯಲ್ಲಿ ಆ ಇನ್ನೊಬ್ಬರು ಎಂದರೆ ಅವನ ಅಕ್ಕ, ಗಂಡ ತೀರಿಕೊಂಡು ತಮ್ಮನ ಮನೆಗೆ ಬಂದು ನೆಲೆಸಿದ್ದ ದೊಡ್ಡಕ್ಕ. ಬೋರಣ್ಣ ಊಟಕ್ಕೆ ಕುಂತು, ದೊಡ್ಡಕ್ಕ, ಇನ್ನೊಂಚೂರು ಸಾರು ಬೇಕಂತ ಹೇಳು, ಎನ್ನುತ್ತಿದ್ದ. ತಟ್ಟೆಯ ಎದುರಿಗೇ ಸೌಟು ಹಿಡಿದು ನಿಂತ ವೀರಮ್ಮ, ದೊಡ್ಡಕ್ಕ, ಸಾರು ಮುಗ್ದೈತೆ, ಮಜ್ಜಿಗೆ ಐತಂತ ಹೇಳು, ಎನ್ನುತ್ತಿದ್ದಳು. ವರ್ಷ ಕಳೆದಂತೆ ದೊಡ್ಡಕ್ಕನ ಕಿವಿ ಮಂದವಾಯಿತು. ಆದರೂ ಕ್ರಮ ತಪ್ಪಲಿಲ್ಲ. ಒಮ್ಮೊಮ್ಮೆ ಅವಳು ಹಿತ್ತಿಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಇತ್ತ ನಡುಮನೆಯಲ್ಲಿ ಇಬ್ಬರೂ ಅವಳ ಹೆಸರು ಹೇಳಿಕೊಂಡು ಮಾತು ಮುಗಿಸಿಬಿಡುತ್ತಿದ್ದರು. "ನಾನು ಕಿವುಡಿ ಕಣ್ರಪ್ಪ," ಎಂದು ಅವಳೇ ಒಂದು ಸಲ ಅಂದಿದ್ದಳು. "ನನ್ನ ಹೆಸರು ಹಿಡ್ಕಂಡು ಸಂಸಾರ ಮಾಡ್ತೀರಲ್ಲ, ನಿಮಗೆ ಬ್ಯಾಸರ ಆಗಲ್ವಾ?"

ಬೋರಣ್ಣನ ಕಸುಬೇ ಮಾತು. ಆಟೋದ ತಲೆಯ ಮೇಲೆ ಎರಡು ಹಾರನ್ನು ಕಟ್ಟಿಕೊಂಡು ಅವನು ಬೀದಿ ಬೀದಿ ತಿರುಗಿ ಸಾರುತ್ತಿದ್ದ. ಟಾಕೀಸಿಗೆ ಹೊಸ ಸಿನಿಮಾ ಬಂದಿದೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಪೋಲಿಯೋ ಹನಿ ಹಾಕಿಸಿ, ಇಂಥವರ ಎಮ್ಮೆ ತಪ್ಪಿಸಿಕೊಂಡಿದೆ, ಇಂಥವರು ಶಿವಾಧೀನರಾದರು. ಬಯಲು ಗಣಪತಿಯಿಂದ ಹಿಡಿದು ಸಂತೆ ಮೈದಾನದವರೆಗೆ ಅವನ ದನಿ ಅರಿಯದ ಕಿವಿ ಇರಲಿಲ್ಲ.

ಮಾತು ನಿಂತದ್ದು ಮಗಳ ವಿಷಯಕ್ಕೆ. ಇದ್ದೊಬ್ಬ ಮಗಳು ಉಷಾರಾಣಿ ಚಿತ್ರದುರ್ಗದಲ್ಲಿ ಬಿ.ಎ. ಓದುವಾಗ ಹಿರಿಯೂರಿನ ಪ್ರದೀಪ್ ಎಂಬವನನ್ನು ಮೆಚ್ಚಿದ್ದಳು. ಹೈವೇ ಬದಿಯಲ್ಲಿ ಅವನಿಗೊಂದು ಟೈರ್ ಅಂಗಡಿ, ಜಾತಿ ಬೇರೆ. ಬೋರಣ್ಣ ಆಗದು ಎಂದ. ತೊಂಬತ್ಮೂರನೆಯ ಇಸವಿಯ ಒಂದು ಬೆಳಿಗ್ಗೆ ವೀರಮ್ಮ ತಾನೇ ಮಗಳನ್ನು ಹಿರಿಯೂರಿನ ಬಸ್ಸು ಹತ್ತಿಸಿ ಬಂದಳು. ಉಷಾ ಎಲ್ಲಿ ಎಂದು ಗಂಡ ಕೇಳಿದ್ದಕ್ಕೆ, ರಾಗಿ ಬೀಸಿಸಾಕೆ ಮಿಲ್ಲಿಗೆ ಹೋಗ್ಯಾಳೆ, ಎಂದಳು. ಬೋರಣ್ಣ ಆಟೋ ಹತ್ತಿ ಸಾರಲು ಹೊರಟ. ಮಧ್ಯಾಹ್ನದ ಹೊತ್ತಿಗೆ ಅವನ ಮಗಳು ಮದುವೆಯಾದ ಸುದ್ದಿ ಊರಿಗೆಲ್ಲ ಗೊತ್ತಾಗಿ, ಸಾರುವವನಿಗೆ ಕೊನೆಗೆ ಗೊತ್ತಾಯಿತು. ಆ ಸಂಜೆ ಬಾಗಿಲಲ್ಲಿ ನಿಂತು ಅವನು ಹೆಂಡತಿಗೆ ನೇರವಾಗಿ ಆಡಿದ ಕೊನೆಯ ಮಾತು ಇದು: "ಸುಳ್ಳು ಹೇಳಿದ ಬಾಯಿ ಜೊತೆ ನನಗೆ ಮಾತಿಲ್ಲ."

ಕೋಪ ಮಗಳ ಮೇಲಿನದು, ಶಿಕ್ಷೆ ಇಬ್ಬರಿಗೂ. ಮಗಳು ಹೊಸಲು ತುಳಿಯುವಂತಿಲ್ಲ. ಹೆಂಡತಿಗೆ ನೇರ ಮಾತಿಲ್ಲ.

ಈ ನಡುವೆ ಊರಿಗೆ ಕೇಬಲ್ ಬಂತು. ಲಕ್ಷ್ಮೀಕಾಂತ್ ಎಂಬವನು ಪೇಟೆ ಬೀದಿಯ ಮಹಡಿಯ ಮೇಲೊಂದು ಕೋಣೆ ಹಿಡಿದು, ಅಲ್ಲಿಂದ ಮನೆಮನೆಗೆ ವೈರು ಎಳೆಸಿದ. ಮಹಡಿಯ ಕೆಳಗೆ ಬಷೀರುನ್ನೀಸಾ ಎಂಬ ಹೆಂಗಸಿನ ಎಸ್‌ಟಿಡಿ ಬೂತು. ಅವಳ ಮಗ ಅಸದ್, ಹೆಂಡತಿ ಮಕ್ಕಳಿದ್ದ ಮೂವತ್ತರ ಆಳು, ಲಕ್ಷ್ಮೀಕಾಂತನ ಹತ್ತಿರ ವೈರು, ಟೇಪು ಎಲ್ಲ ನೋಡಿಕೊಳ್ಳುತ್ತಿದ್ದ. ದೊಡ್ಡ ಚಾನೆಲ್ಲುಗಳ ಜೊತೆಗೆ ಊರಿನದೇ ಒಂದು ಚಾನೆಲ್ ಇರಲಿ ಎಂದು ಲಕ್ಷ್ಮೀಕಾಂತ್ ದಾವಣಗೆರೆಯಿಂದ ಕಾರ್ಟೂನಿನ ಟೇಪುಗಳನ್ನು ತರಿಸಿದ. ಯಾವುದೋ ಪರದೇಶದ್ದು. ರೈಲು ನಿಲ್ದಾಣದ ಪಕ್ಕದಲ್ಲಿ ಹೋಟೆಲು ನಡೆಸುವ ಒಂದು ಸಂಸಾರ: ಬದನೆಕಾಯಿ ಮೈಯ ಮೀಸೆಯ ಗಂಡ, ಬಿದಿರು ಗಳುವಿನಂಥ ತೆಳ್ಳನೆಯ ಹೆಂಡತಿ, ಅವಳಿಜವಳಿ ಮಕ್ಕಳು, ಕಂಡ ಕಂಡ ಪಾತ್ರೆಯೊಳಗೆ ಬೀಳುವ ಒಂದು ಬಾತುಕೋಳಿ. ಎಷ್ಟು ನೋಡಿದರೂ ಮುಗಿಯದಷ್ಟು ಟೇಪುಗಳು. ಮಾತು ಮಾತ್ರ ಹಿಂದಿ. ಅಸದನಂಥವರ ಮನೆ ಬಿಟ್ಟರೆ ಊರಿನಲ್ಲಿ ಹಿಂದಿ ತಿಳಿಯುವವರು ಕಡಿಮೆ.

ಅದಕ್ಕೆ ಲಕ್ಷ್ಮೀಕಾಂತ್ ಒಂದು ಉಪಾಯ ಮಾಡಿದ. ಟೇಪಿನ ಸೌಂಡು ಇಳಿಸಿ, ಕೋಣೆಯಲ್ಲೇ ಒಂದು ಮೈಕು ಇಟ್ಟು, ಅದರ ಮುಂದೆ ಮುದ್ದಣ್ಣನನ್ನು ಕೂರಿಸಿದ. ಮುದ್ದಣ್ಣ ನಾಟಕದಲ್ಲಿ ಹಾಸ್ಯದ ಪಾತ್ರ ಮಾಡಿಕೊಂಡಿದ್ದವನು. ಪಕ್ಕದಲ್ಲಿ ಅಸದ್ ಹೆಡ್‌ಫೋನಿನಲ್ಲಿ ಹಿಂದಿ ಕೇಳುತ್ತ ಕುಂತು, ಈಗ ಇವನು ಹೀಗಂದ, ಅವಳು ಹಾಗಂದಳು ಎಂದು ಕಿವಿಯಲ್ಲಿ ಉಸುರುತ್ತಿದ್ದ. ಮುದ್ದಣ್ಣ ಅದನ್ನು ಹೊಳಲ್ಕೆರೆಯ ಮಾತಿಗೆ ತಿರುವಿ ಹಾಕುತ್ತಿದ್ದ. ಪರದೇಶದ ಗಂಡನಿಗೆ ತಿಪ್ಪೇಶಿ ಎಂದು ಹೆಸರಿಟ್ಟ, ಹೆಂಡತಿಗೆ ಕಮ್ಲಕ್ಕ ಎಂದು. ತಿಪ್ಪೇಶಿಗೆ ಒಡಕು ದನಿ, ಕಮ್ಲಕ್ಕನಿಗೆ ಕೀಚಲು ದನಿ, ಬಾತುಕೋಳಿಗೂ ಒಂದು ಬೈಗುಳ. ಏಳು ಗಂಟೆಗೆ ಬೀದಿಯೆಲ್ಲ ನಗುತ್ತಿತ್ತು. ಜನ ಜಗಳ ಆಡುವಾಗಲೂ ತಿಪ್ಪೇಶಿಯ ಮಾತು ಎತ್ತಿ ಆಡುತ್ತಿದ್ದರು.

ತೊಂಬತ್ತೆಂಟರಲ್ಲಿ ಮುದ್ದಣ್ಣ ದಾವಣಗೆರೆಯ ನಾಟಕ ಕಂಪನಿ ಸೇರಿ ಊರು ಬಿಟ್ಟ. ಊರಿನಲ್ಲಿ ಮೈಕಿನ ಮುಂದೆ ಹೆದರದ ಇನ್ನೊಬ್ಬ ಗಂಡಸು ಎಂದರೆ ಬೋರಣ್ಣ. ಲಕ್ಷ್ಮೀಕಾಂತ್ ಅವನನ್ನು ಕರೆತಂದು ಕೂರಿಸಿದ.

ಮೊದಲ ಸಂಜೆಯೇ ಜನ ಮುಖ ಮುಖ ನೋಡಿಕೊಂಡರು. ಬೋರಣ್ಣನಿಗೆ ಇದ್ದದ್ದು ಒಂದೇ ದನಿ, ಆಟೋದ ದನಿ. ತಿಪ್ಪೇಶಿ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿಬಿದ್ದಾಗ, "ಅಯ್ಯೋ, ಸೊಂಟ ಹೋಯಿತು," ಎಂದು ನಾಳೆ ನೀರು ಬರುವುದಿಲ್ಲ ಎಂಬಷ್ಟೇ ಗಾಂಭೀರ್ಯದಲ್ಲಿ ಸಾರಿದ. ಕಮ್ಲಕ್ಕನಿಗೆ ಹೆಣ್ಣುದನಿ ಮಾಡಲು ಅವನಿಗೆ ಬರಲಿಲ್ಲ; ಒಂದು ವಾರ ಒದ್ದಾಡಿ, ಅವಳ ಮಾತನ್ನೇ ಬಿಟ್ಟುಬಿಟ್ಟ. ಟೀವಿಯಲ್ಲಿ ಕಮ್ಲಕ್ಕನ ಬಾಯಿ ಆಡುವುದು, ಮಾತಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅಸದ್ ಉಸುರಿದ್ದೊಂದು, ಬೋರಣ್ಣ ಹೇಳುವುದೊಂದು ಆಗತೊಡಗಿತು. ತಿಪ್ಪೇಶಿ ಪೊಲೀಸನಿಂದ ತಪ್ಪಿಸಿಕೊಂಡು ಓಡುತ್ತಿರುವಾಗ ಅವನ ಬಾಯಿಂದ, ಈ ಸಲ ಹುಣಸೆಹಣ್ಣು ಜಾಸ್ತಿ ಕಪ್ಪಾಗೈತೆ, ಎಂಬ ಮಾತು ಬರುತ್ತಿತ್ತು.

ಟೀ ಅಂಗಡಿಯಲ್ಲಿ ಜನ ಬಿಡುತ್ತಿರಲಿಲ್ಲ. "ಏನಪ್ಪ ಬೋರಣ್ಣ, ನಿನ್ನ ತಿಪ್ಪೇಶಿ ನಗ್ಸಾಕೆ ಬಂದವ್ನೋ, ಸತ್ತೋರ ಸುದ್ದಿ ಹೇಳಾಕೆ ಬಂದವ್ನೋ?" ಎಂದು ಒಬ್ಬ ಕೇಳಿದರೆ, ಕಮ್ಲಕ್ಕನಿಗೆ ಯಾವ ಡಾಕ್ಟರ ಹತ್ರ ತೋರಿಸ್ತಾ ಇದೀಯ, ಎಂದು ಇನ್ನೊಬ್ಬ ಕೇಳುತ್ತಿದ್ದ. ಹೇಳುವುದಕ್ಕೂ ಮಾಡುವುದಕ್ಕೂ ತಾಳೆಯಾಗದ ಯಾರನ್ನೇ ಕಂಡರೂ ಊರಿನಲ್ಲಿ ಒಂದು ಗಾದೆ ಹುಟ್ಟಿಕೊಂಡಿತು: ಬಾಯಿ ತಿಪ್ಪೇಶಿದು, ಮಾತು ಬೋರಣ್ಣಂದು. ಮುದ್ದಣ್ಣನ ಕಾಲದ ಕಂತುಗಳನ್ನು ಜನ ನೆನೆನೆನೆದು ನಗುತ್ತಿದ್ದರು. ಬೋರಣ್ಣನವನ್ನು ನೆನೆದು ಹಲ್ಲು ಕಡಿಯುತ್ತಿದ್ದರು.

ವೀರಮ್ಮನಿಗೆ ಮುದ್ದಣ್ಣನ ತಿಪ್ಪೇಶಿ ಅಷ್ಟಕ್ಕಷ್ಟೆ. ಆಗೆಲ್ಲ ಅವಳು ಒಲೆಯ ಮುಂದಿನಿಂದ ಎದ್ದು ಬಂದವಳೇ ಅಲ್ಲ. ಗಂಡನ ದನಿ ಬರತೊಡಗಿದ ಮೇಲೂ ಮೊದಮೊದಲು ನಡುಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು, ಅಷ್ಟೆ. ಐದು ವರ್ಷದಿಂದ ದೊಡ್ಡಕ್ಕನ ಹೆಸರಿಲ್ಲದೆ ಆ ದನಿಯ ಒಂದು ವಾಕ್ಯವೂ ಅವಳ ಕಿವಿಗೆ ಬಿದ್ದಿರಲಿಲ್ಲ. ತಿಪ್ಪೇಶಿಯ ಮಾತಿನಲ್ಲಿ ದೊಡ್ಡಕ್ಕ ಇರುತ್ತಿರಲಿಲ್ಲ. "ಬಾರೇ", "ನೋಡೇ", "ಕೊಡೇ" ಎಂದೇ ಇರುತ್ತಿತ್ತು.

ಒಂದು ಸಂಜೆ ತಿಪ್ಪೇಶಿ ಎಂದಿನಂತೆ ಹೋಟೆಲಿನಲ್ಲಿ ಲೋಟ ಒರೆಸುತ್ತಿದ್ದ. ಮೊಣಕಾಲುದ್ದದ ಬೂಟು ಹಾಕಿದ ಕಮ್ಲಕ್ಕ ಎದುರಿಗೆ ನಿಂತಿದ್ದಳು. ತಿಪ್ಪೇಶಿ ಬಾಯಿ ತೆರೆದ.

"ಕಮ್ಲೀ, ಹಿಮ್ಮಡಿ ಒಡ್ದು ರಕ್ತ ಬರ್ತೈತಲ್ಲೇ. ಮಲಗೋ ಮುಂದೆ ಹರಳೆಣ್ಣೆ ಹಚ್ಕಬಾರ್ದೇನೇ?"

ವೀರಮ್ಮ ಕಮ್ಲಕ್ಕನ ಬೂಟು ನೋಡಿದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಆ ಚಳಿಗಾಲ ಅವಳ ಹಿಮ್ಮಡಿ ಬಿರಿದು, ನೆಲದ ಮೇಲೆ ಕಲೆ ಬೀಳುವಷ್ಟಾಗಿತ್ತು. ಟೀವಿಯಲ್ಲಿ ಕಮ್ಲಕ್ಕನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಆ ಖಾಲಿಯಲ್ಲಿ ವೀರಮ್ಮ ತನಗೇ ಗೊತ್ತಿಲ್ಲದೆ, "ಎಣ್ಣೆ ಮುಗ್ದೈತೆ," ಎಂದಳು. ಅಂದ ಮೇಲೆ ಬೆಚ್ಚಿ ಸುತ್ತ ನೋಡಿದಳು. ದೊಡ್ಡಕ್ಕ ಟೀವಿಯ ಮುಂದೆ ತೂಕಡಿಸುತ್ತಿದ್ದಳು.

ಬೆಳಿಗ್ಗೆ ಎದ್ದು ಖಾಲಿ ಎಣ್ಣೆಶೀಶೆಯನ್ನು ಜಗಲಿಯ ಮೇಲೆ ಕಾಣುವಂತೆ ಇಟ್ಟಳು. ಸಂಜೆಗೆ ಗೂಡಿನಲ್ಲಿ ತುಂಬಿದ ಶೀಶೆ ಇತ್ತು. ತಂದವನು ಏನೂ ಹೇಳಲಿಲ್ಲ, ದೊಡ್ಡಕ್ಕನಿಗೂ ಹೇಳಲಿಲ್ಲ.

ವೀರಮ್ಮ ಸುಲಭಕ್ಕೆ ನಂಬುವ ಹೆಂಗಸಲ್ಲ. ಇದು ಆಕಸ್ಮಿಕ ಇರಬಹುದು ಎಂದು ಒಂದು ಮಧ್ಯಾಹ್ನ ಬೇಕೆಂತಲೇ ಸಾರಿಗೆ ಉಪ್ಪು ಹಾಕಲಿಲ್ಲ. ಬೋರಣ್ಣ ತುಟಿ ಬಿಚ್ಚದೆ ಉಂಡು ಎದ್ದುಹೋದ. ಏಳು ಗಂಟೆಗೆ ಬಾತುಕೋಳಿಯ ಹಿಂದೆ ಓಡುತ್ತ ತಿಪ್ಪೇಶಿ, ಕಮ್ಲೀ, ಸಾರಿಗೆ ಉಪ್ಪು ಹಾಕಾಕೆ ಮರ್ತ್ಯಾ, ಎಂದ. ವೀರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಊರಿನಲ್ಲಿ ಆ ಕಂತಿಗೆ ನಕ್ಕವಳು ಅವಳೊಬ್ಬಳೇ.

ಅಂದಿನಿಂದ ಅವಳು ಒಂದು ನಿಯಮ ಕಂಡುಕೊಂಡಳು. ಚಿತ್ರಕ್ಕೆ ಮಾತು ಹೊಂದಿದರೆ ಅದು ತಿಪ್ಪೇಶಿಯ ಮಾತು. ಹೊಂದದಿದ್ದರೆ ಅದು ತನ್ನದು. ಊರು ಯಾವ ಕಂತನ್ನು ಹೆಚ್ಚು ಶಪಿಸುತ್ತಿತ್ತೋ ಅದು ಅವಳಿಗೆ ಹೆಚ್ಚು ಹಬ್ಬ. ಒಂದೊಂದು ದಿನ ಬೋರಣ್ಣ ಅಸದ್ ಹೇಳಿದ್ದನ್ನೇ ಸರಿಯಾಗಿ ಒಪ್ಪಿಸಿಬಿಡುತ್ತಿದ್ದ. ಜನ, ಇವತ್ತು ಪರವಾಗಿಲ್ಲ ಕಣಪ್ಪ, ಎನ್ನುತ್ತಿದ್ದರು. ವೀರಮ್ಮ ಆ ರಾತ್ರಿ ಸಪ್ಪಗೆ ಉಣ್ಣುತ್ತಿದ್ದಳು. ಸಂಜೆ ಆರೂವರೆಗೇ ಅವಳು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಟೀವಿಯ ಮುಂದೆ ಮಣೆ ಹಾಕಿಕೊಳ್ಳುತ್ತಿದ್ದಳು. ತಿಪ್ಪೇಶಿ ಮಾತಾಡುವುದು, ಕಮ್ಲಕ್ಕನ ಬಾಯಿ ಆಡುವ ಖಾಲಿಯಲ್ಲಿ ಇವಳು ಉತ್ತರ ಕೊಡುವುದು. ಸೂರಿನ ಹೆಂಚು ಸರಿದಿದ್ದು, ದೊಡ್ಡಕ್ಕನ ಕಣ್ಣಿನ ಪೊರೆ, ಆಟೋದ ಹಾರನ್ನಿಗೆ ಮಳೆನೀರು ಹೊಕ್ಕಿದ್ದು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಟೀವಿ ಆರಿಸಿದ ಮೇಲೆ ಬೋರಣ್ಣ ಮನೆಗೆ ಬಂದರೆ ಮತ್ತೆ ಅದೇ, ದೊಡ್ಡಕ್ಕ, ಬಿಸಿನೀರು ಐತಾ ಕೇಳು.

ಅವನು ಎಂದೂ ಎತ್ತದ ಮಾತು ಒಂದೇ, ಉಷಾರಾಣಿಯದು. ಆ ಮಾತಿಗಾಗಿಯೇ ವೀರಮ್ಮ ದಿನವೂ ಕಾಯುತ್ತಿದ್ದಳು.

ಉಷಾ ಆಗೀಗ ಬಷೀರುನ್ನೀಸಾಳ ಬೂತಿಗೆ ಫೋನು ಮಾಡಿ ತಾಯಿಯನ್ನು ಕರೆಸಿಕೊಂಡು ಮಾತಾಡುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು ಎಂಬುದು ಹೆಣ್ಣಿಗೆ ಯಾರೂ ಕಲಿಸಬೇಕಾದ ಮಾತಲ್ಲ. ಆದರೂ ಬಾ ಎನ್ನಲು ತಾಯಿಗೆ ಬಾಯಿ ಬರಲಿಲ್ಲ; ಬರಲಾ ಎಂದು ಮಗಳೂ ಕೇಳಲಿಲ್ಲ. ಹಿರಿಯೂರಿನಲ್ಲೇ ಹೆಣ್ಣುಮಗುವಾಯಿತು. ವೀರಮ್ಮ ಬೂತಿನಲ್ಲಿ ಸುದ್ದಿ ಕೇಳಿ ಮನೆಗೆ ಬಂದು, ಬೋರಣ್ಣ ಕೈತೊಳೆಯುತ್ತಿರುವಾಗ ನೋಡಿ, ದೊಡ್ಡಕ್ಕ, ಉಷಾಗೆ ಹೆಣ್ಣುಮಗು ಆಗೈತಂತೆ, ಎಂದು ಗಟ್ಟಿಯಾಗಿ ಹೇಳಿದಳು. ಬೋರಣ್ಣ ಕೈ ತೊಳೆಯುತ್ತಲೇ ಇದ್ದ. ಚೊಂಬಿನ ನೀರು ಮುಗಿದ ಮೇಲೂ ಕೈ ಉಜ್ಜುತ್ತಿದ್ದ.

ಉತ್ತರ ಬಂದದ್ದು ತಿಂಗಳುಗಳು ಕಳೆದ ಮೇಲೆ, ಒಂದು ಬುಧವಾರ, ಟೀವಿಯಲ್ಲಿ. ಆ ಕಂತಿನಲ್ಲಿ ತಿಪ್ಪೇಶಿ ಹೋಟೆಲಿನ ಬೋರ್ಡು ಕಟ್ಟಲು ಏಣಿ ಹತ್ತಿದ್ದ. ಕೆಳಗೆ ಕಮ್ಲಕ್ಕ ಏಣಿ ಹಿಡಿದಿದ್ದಳು. ಬಾತುಕೋಳಿ ಅವಳ ಕಾಲು ಕುಕ್ಕುತ್ತಿತ್ತು, ಏಣಿ ಅಲ್ಲಾಡುತ್ತಿತ್ತು, ತಿಪ್ಪೇಶಿಯ ಕಣ್ಣು ತಟ್ಟೆಯಷ್ಟಾಗಿತ್ತು. ನಗಿಸುವ ಚಿತ್ರವೇ. ಬೋರಣ್ಣನ ದನಿ ಮಾತ್ರ ಎಂದಿಗಿಂತ ತಗ್ಗಿತ್ತು.

"ಮಗಳನ್ನ ಕರ್ಸೇ. ಒಂದ್ಸಲ ಮಗೂನ ನೋಡ್ಬೇಕು."

ವೀರಮ್ಮ ಟೀವಿಯ ತೀರ ಹತ್ತಿರಕ್ಕೆ ಸರಿದು ಚಿತ್ರವನ್ನು ಪರೀಕ್ಷಿಸಿದಳು. ಏಣಿ ಇತ್ತು, ಬೋರ್ಡು ಇತ್ತು, ಬಾತುಕೋಳಿ ಇತ್ತು. ಮಗಳಿಲ್ಲ, ಮಗುವಿಲ್ಲ. ಮಾತು ಚಿತ್ರಕ್ಕೆ ಎಲ್ಲಿಯೂ ತಾಳೆಯಾಗಲಿಲ್ಲ. ಕಮ್ಲಕ್ಕನ ಬಾಯಿ ಆಡಿತು. ವೀರಮ್ಮ, "ಕರ್ಸ್ತೀನಿ," ಎಂದಳು. ಅಂದು ಆಮೇಲೆ ಚಿತ್ರ ಏನಾಯಿತೋ ಅವಳಿಗೆ ಕಾಣಲಿಲ್ಲ.

ಮರುದಿನ ಬೂತಿನಿಂದ ಮಗಳಿಗೆ ಫೋನು ಮಾಡಿದಳು. ಉಷಾ ನಂಬಲಿಲ್ಲ.

"ಅಪ್ಪ ಬಾಯಿಬಿಟ್ಟು ಹೇಳಿದ್ನಾ?"

"ಹೇಳಿದ್ರು."

"ನಿನ್ನ ಹತ್ರಾನೇ ಹೇಳಿದ್ನಾ? ಅತ್ತೆ ಕೈಲಿ ಹೇಳಿಸಿದ್ದಾ?"

"ನನ್ನ ಹತ್ರಾನೇ ಹೇಳಿದ್ರು ಕಣೇ. ಅತ್ತೆ ಹೆಸರು ಎತ್ಲಿಲ್ಲ."

ಹೇಳಿದ್ದರಲ್ಲಿ ಸುಳ್ಳಿಲ್ಲ ಎಂದು ವೀರಮ್ಮ ಬೂತಿನ ಮೆಟ್ಟಿಲು ಇಳಿಯುವಾಗ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಯಾಕೋ ಹಿಡಿಸಲಿಲ್ಲ.

ಭಾನುವಾರ ಉಷಾ ಬಂದಳು. ಮದುವೆಯ ಬೆಳಿಗ್ಗೆ ಹೊಸಲು ದಾಟಿದವಳು ಈಗ ಮಗುವನ್ನೆತ್ತಿಕೊಂಡು ಅದೇ ಹೊಸಲಿನಲ್ಲಿ ನಿಂತಾಗ ವೀರಮ್ಮ ಕೆಂಪುನೀರು ಎತ್ತಿ ದೃಷ್ಟಿ ತೆಗೆದಳು. ದೊಡ್ಡಕ್ಕನ ಮಡಿಲಿಗೆ ಮಗು ಹೋಯಿತು. ಉಷಾ ಅಡುಗೆಮನೆಯ ಗೋಡೆ ಮುಟ್ಟಿ ನೋಡಿದಳು, ಹಿತ್ತಿಲಿಗೆ ಹೋಗಿ ಬಂದಳು, ಸುಣ್ಣ ಯಾವಾಗ ಹೊಡ್ಸಿದ್ರಿ, ಎಂದು ಕೇಳಿದಳು. ವೀರಮ್ಮ ಮುದ್ದೆಗೆ ಎಸರಿಟ್ಟು, ಬೋರಣ್ಣನಿಗೆ ಸೇರುವ ಉಪ್ಪುಸಾರು ಕುದಿಸಿದಳು.

ಆಟೋ ಬಂದು ನಿಂತಿತು. ಊಟಕ್ಕೆ ಬಂದ ಬೋರಣ್ಣ ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡದೆ ಹಾಗೇ ನಿಂತ. ಮೊದಲು ಮಗಳನ್ನು ನೋಡಿದ. ಆಮೇಲೆ ದೊಡ್ಡಕ್ಕನ ಮಡಿಲು ನೋಡಿದ. ಮಗು ಅವನ ಕಡೆ ತಿರುಗಿ, ಅವನ ಅಂಗಿಯ ಜೇಬಿನಲ್ಲಿ ಹೊಳೆಯುತ್ತಿದ್ದ ಪೆನ್ನಿನ ಕ್ಲಿಪ್ಪಿಗೆ ಕೈ ಚಾಚಿತು. ಅವನ ಕೈ ಜೇಬಿನವರೆಗೆ ಹೋಯಿತು. ಅಲ್ಲೇ ನಿಂತಿತು. ಹೊರಗೆ ಎದುರುಮನೆಯ ಕಟ್ಟೆಯಲ್ಲಿ ಜನ ಸೇರಿ ಇಣುಕುತ್ತಿದ್ದರು. ಬೋರಣ್ಣ ಅತ್ತ ಒಮ್ಮೆ ತಿರುಗಿ ನೋಡಿದ. ಜೇಬಿನ ಮೇಲಿನ ಕೈ ಕೆಳಗಿಳಿಯಿತು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದ.

"ದೊಡ್ಡಕ್ಕ, ಹಿರಿಯೂರು ಬಸ್ಸು ಎರಡೂವರೆಗೆ ಐತೆ. ಬಂದೋರಿಗೆ ಹೇಳು."

ದೊಡ್ಡಕ್ಕನಿಗೆ ಕೇಳಿಸಲಿಲ್ಲ. ಅವಳು ಮಗುವಿನ ಕಾಲು ಎಣ್ಣೆ ತಿಕ್ಕುವವಳಂತೆ ನೀವುತ್ತ ಏನೋ ಹಾಡಿಕೊಳ್ಳುತ್ತಿದ್ದಳು.

"ಅಪ್ಪ, ಕರ್ಸಿದ್ದು ನೀನೇ ಅಂತಲ್ಲ," ಎಂದಳು ಉಷಾ.

ಬೋರಣ್ಣ ವೀರಮ್ಮನನ್ನು ನೋಡಿದ. ಅಷ್ಟು ವರ್ಷದಲ್ಲಿ ಅವನು ಅವಳ ಕಣ್ಣಿಗೆ ಕಣ್ಣಿಟ್ಟದ್ದು ಅದೇ ಮೊದಲು. ಸಿಕ್ಕಿಬಿದ್ದವನ ನೋಟ ಅದು. ತಟ್ಟನೆ ಗೋಡೆಯ ಕಡೆ ತಿರುಗಿ ಹೇಳಿದ: "ದೊಡ್ಡಕ್ಕ, ನಾನು ಯಾರ್ನೂ ಕರ್ಸಿಲ್ಲ."

ವೀರಮ್ಮ ಸೌಟು ಕೆಳಗಿಟ್ಟು ಅವನ ಎದುರಿಗೆ ಬಂದಳು. ಅವಳು ದೊಡ್ಡಕ್ಕನ ಹೆಸರು ಹಿಡಿಯಲಿಲ್ಲ. "ಹೇಳಿದ್ರಿ," ಎಂದು ನೇರವಾಗಿ ಅವನಿಗೇ ಹೇಳಿದಳು. "ಬುಧವಾರ ಹೇಳಿದ್ರಿ. ಏಣಿ ಹತ್ತಿದ್ದಾಗ."

"ಯಾವ ಏಣಿ?" ಎಂದಳು ಉಷಾ.

ಉಷಾ ಮತ್ತೆ ಕೇಳಿದಳು. ವೀರಮ್ಮ ತಲೆ ತಗ್ಗಿಸಿ ಟೀವಿಯ ಕಡೆ ಕೈ ತೋರಿಸಿದಳು. ಒಂದೊಂದೇ ಮಾತು ಕೇಳಿ ಕೇಳಿ ಬಿಡಿಸಿ ಉಷಾ ಎಲ್ಲ ತಿಳಿದುಕೊಂಡಳು: ತಿಪ್ಪೇಶಿ, ಕಮ್ಲಕ್ಕ, ಎಣ್ಣೆಶೀಶೆ, ಉಪ್ಪಿಲ್ಲದ ಸಾರು. ಅಷ್ಟರಲ್ಲಿ ಬೋರಣ್ಣ ಹೊರಗೆ ಹೋಗಿ ಆಟೋದ ಸೀಟಿನ ಮೇಲೆ ಬೆನ್ನು ಮಾಡಿ ಕುಂತಿದ್ದ. ಉಷಾ ಮೊದಲು ನಕ್ಕಳು. ನಗು ನಡುವೆಯೇ ತುಂಡಾಯಿತು.

"ನಿಮ್ಮಿಬ್ಬರ ಕಾರ್ಟೂನಿಗೆ ನಾನು ಮಗೂನ ಎತ್ಕಂಡು ಬಂದ್ನೇನವ್ವ? ಅವತ್ತು ಅಪ್ಪನಿಗೆ ಮಿಲ್ಲು ಅಂದೆ. ಇವತ್ತು ನನಗೆ ಏಣಿ."

ವೀರಮ್ಮ ಉಂಡು ಹೋಗೆಂದು ಅಂಗಲಾಚಿದಳು. ಉಷಾ ದೊಡ್ಡಕ್ಕನ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಇನ್ನು ಮೇಲೆ ಯಾರೂ ಕರೀಬ್ಯಾಡ್ರಿ, ಬಾಯಲ್ಲಿ ಕರೆದ್ರೂ ಬರಲ್ಲ, ಎಂದು ಹೇಳಿ ಹೊಸಲು ದಾಟಿದಳು. ಆಟೋದ ಪಕ್ಕದಲ್ಲೇ ಹಾದು ಹೋದಳು. ಬೋರಣ್ಣ ತಲೆ ಎತ್ತಲಿಲ್ಲ. ಬಸ್ ನಿಲ್ದಾಣದವರೆಗೆ ಬಿಡಲು ಆಟೋ ಇತ್ತು. ಅವಳು ನಡೆದೇ ಹೋದಳು.

ಅಂದಿನಿಂದ ಬೋರಣ್ಣ ಕೇಬಲ್ ಕೋಣೆಯ ಮಹಡಿ ಹತ್ತಲಿಲ್ಲ. ಗಂಟಲು ಸರಿಯಿಲ್ಲ ಎಂದು ಲಕ್ಷ್ಮೀಕಾಂತನಿಗೆ ಹೇಳಿದನಂತೆ. ಲಕ್ಷ್ಮೀಕಾಂತ್ ಒತ್ತಾಯ ಮಾಡಲಿಲ್ಲ. ಅವನಿಗೂ ಹೊರೆ ಇಳಿದಂತಾಗಿತ್ತು. ಮೈಕು ತೆಗೆದಿಟ್ಟು ಟೇಪನ್ನು ಹಿಂದಿಯಲ್ಲೇ ಬಿಟ್ಟ. ಜನ ಅದಕ್ಕೇ ಸಂತೋಷಪಟ್ಟರು. ತಿಳಿಯದಿದ್ದರೂ ನಗು ಬರುತ್ತೈತೆ, ಬೋರಣ್ಣನ ಕಾಟ ತಪ್ಪಿತಲ್ಲ, ಎಂದರು.

ಒಂದು ಅನುಮಾನ ವೀರಮ್ಮನನ್ನು ಕೊರೆಯತೊಡಗಿತು. ತನ್ನ ನಿಯಮವೇ ತಪ್ಪಿದ್ದರೆ? ಆ ಬುಧವಾರದ ಮಾತು ನಿಜವಾಗಿ ತಿಪ್ಪೇಶಿಯದೇ ಆಗಿದ್ದು, ಮಗಳನ್ನು ಕರೆಸೆಂದು ಹಿಂದಿಯಲ್ಲೇ ಇದ್ದಿದ್ದರೆ? ಹಾಗಿದ್ದರೆ ಗಂಡನದು ತಪ್ಪಿಲ್ಲ, ತಪ್ಪೆಲ್ಲ ತನ್ನದೇ. ಯಾಕೋ ಹಾಗೇ ಆಗಿರಲಿ ಎಂದು ಅವಳು ಬಯಸಿದಳು. ಉಷಾ ಫೋನು ಮಾಡುವುದನ್ನು ನಿಲ್ಲಿಸಿದ್ದಳು. ಬೂತಿಗೆ ಹೋಗಲು ಬೇರೆ ಕಾರಣವಿರಲಿಲ್ಲ. ಆದರೂ ಹೋಗಿ, ಮೆಟ್ಟಿಲ ಮೇಲೆ ವೈರು ಸುತ್ತುತ್ತಿದ್ದ ಅಸದನನ್ನು ಕೇಳಿದಳು. ಏಣಿ ಹತ್ತಿದ ದಿನ ಆ ತಿಪ್ಪೇಶಿ ಹಿಂದಿಯಲ್ಲಿ ಏನಂದ?

ಅಸದನಿಗೆ ಚೆನ್ನಾಗಿ ನೆನಪಿತ್ತು. "ಏಣಿ ಗಟ್ಟಿಯಾಗಿ ಹಿಡ್ಕೊ, ಬೀಳ್ತೀನಿ ಅಂತ. ಅಷ್ಟೇ ಇದ್ದಿದ್ದು ವೀರಮ್ಮಕ್ಕ. ಅಣ್ಣನಿಗೆ ಕಿವೀಲಿ ಹಂಗೇ ಹೇಳ್ದೆ. ಅಣ್ಣ ಅದು ಬಿಟ್ಟು ಇನ್ನೇನೋ ಅಂದ್ರು. ಅಂದ್ಮೇಲೆ ಬಾಯೇ ಬಿಡ್ಲಿಲ್ಲ. ಉಳಿದಿದ್ದು ನಾನು ಹಿಂದೀಲೇ ಬಿಟ್ಟೆ."

ಅಸದ್ ಸ್ವಲ್ಪ ಹಿಂಜರಿದು ಇನ್ನೊಂದು ಮಾತು ಹೇಳಿದ. "ಕಮ್ಲಕ್ಕನ ಮಾತು ಯಾಕಣ್ಣ ಬಿಡ್ತೀರಿ, ಜನ ಬೈತಾರೆ ಅಂತ ಎಷ್ಟೋ ಸಲ ಹೇಳಿದೀನಿ. ಅವಳ ಮಾತು ಅವಳೇ ಆಡ್ಲಿ ಬಿಡಪ್ಪ ಅಂತಿದ್ರು. ನನಗೆ ತಿಳೀಲಿಲ್ಲ."

ಅಂದರೆ ನಿಯಮ ಸರಿಯಾಗಿಯೇ ಇತ್ತು. ಮಾತು ಅವನದೇ, ಮನಸ್ಸು ಅವನದೇ. ಇನ್ನೊಬ್ಬನ ಬಾಯಿ ಸಿಕ್ಕಾಗ ಬಂದದ್ದು, ತನ್ನ ಬಾಯಿಗೆ ಬರಲಿಲ್ಲ, ಅಷ್ಟೆ. ಅವನಿಗೆ ಮನಸ್ಸೇ ಇರಲಿಲ್ಲ ಎಂದು ತಿಳಿದಿದ್ದರೆ ವೀರಮ್ಮ ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದಳು. ಮನಸ್ಸಿತ್ತು ಎಂಬುದನ್ನು ನುಂಗಲಾಗಲಿಲ್ಲ. ಪೇಟೆ ಬೀದಿಯಿಂದ ಮನೆಯವರೆಗೆ ಅವಳು ಯಾರು ಮಾತಾಡಿಸಿದರೂ ನಿಲ್ಲದೆ ನಡೆದಳು.

ಅಂದು ಸಂಜೆ ಬೋರಣ್ಣ ಮನೆಯಲ್ಲೇ ಇದ್ದ. ಸಂಜೆಗಳಲ್ಲಿ ಅವನಿಗೆ ಈಗ ಹೋಗುವ ಜಾಗವಿರಲಿಲ್ಲ. ಕಂಬಕ್ಕೆ ಒರಗಿ ಟೀವಿಯ ಕಡೆ ಮುಖ ಮಾಡಿ ಕುಂತಿದ್ದ. ದೊಡ್ಡಕ್ಕ ಎಂದಿನ ಜಾಗದಲ್ಲಿದ್ದಳು. ಏಳು ಗಂಟೆಗೆ ತಿಪ್ಪೇಶಿಯ ಹೋಟೆಲು ಬಂತು. ಹಿಂದಿ ಬಂತು. ವೀರಮ್ಮ ಮುಖ ತೊಳೆದಿರಲಿಲ್ಲ, ಕುಂಕುಮ ತಿದ್ದಿಕೊಂಡಿರಲಿಲ್ಲ. ಒಳಗಿನಿಂದ ಬಂದು ಸೌಂಡನ್ನು ಪೂರ್ತಿ ಇಳಿಸಿ, ಮಣೆಯ ಮೇಲೆ ಕುಂತಳು.

ಕಮ್ಲಕ್ಕ ಒಲೆಯ ಮುಂದಿನಿಂದ ತಿರುಗಿ ಬಾಯಿ ತೆರೆದಳು. ವೀರಮ್ಮ ಟೀವಿಯಿಂದ ಕಣ್ಣು ಕೀಳದೆ ಮಾತಾಡಿದಳು.

"ಏಣಿ ಮೇಲೆ ನಿಂತು ಕರ್ಸು ಅಂದ್ರಿ. ಕರ್ಸಿದೆ. ನೆಲದ ಮೇಲೆ ನಿಂತು ಬಸ್ಸಿನ ಟೈಮು ಹೇಳಿದ್ರಿ. ಸುಳ್ಳು ಹೇಳಿದ ಬಾಯಿ ಯಾವ್ದು, ಇವತ್ತು ಹೇಳ್ರಿ."

ಬೋರಣ್ಣನ ಬೆನ್ನು ಕಂಬದಿಂದ ಎದ್ದಿತು. ಅವನಿಗೆ ಕೇಳಿಸಿತ್ತು. ಕಮ್ಲಕ್ಕ ಬಾಯಿ ಮುಚ್ಚಿದಳು. ಈಗ ತಿಪ್ಪೇಶಿಯ ಸರದಿ. ಅವನು ಸೌಟು ಎತ್ತಿ ಹಿಡಿದು, ಮೀಸೆ ಕುಣಿಸುತ್ತ ಬಾಯಿ ಆಡಿಸತೊಡಗಿದ. ಉದ್ದ ಮಾತು ಇರಬೇಕು; ಬಾಯಿ ಆಡುತ್ತಲೇ ಇತ್ತು. ವೀರಮ್ಮ ಆ ಬಾಯಿಯನ್ನೇ ನೋಡುತ್ತ ಕಾದಳು. ಬಾತುಕೋಳಿ ಬಂತು, ಹೋಯಿತು. ತಿಪ್ಪೇಶಿಯ ಬಾಯಿ ಇನ್ನೂ ಆಡುತ್ತಿತ್ತು.

ಬೋರಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ದೊಡ್ಡಕ್ಕ," ಎಂದ, "ಟೀವಿ ಸೌಂಡು ಹೋಗೈತಂತ ಹೇಳು."